ಅವ್ವನ ರಸೀದಿ



ನಮ್ಮವ್ವ ಬೀಡಿ ಕಟ್ಟುತ್ತಿದ್ದಳು. ಸಂಘಕ್ಕೆ ಚಂದಾ ಕೊಟ್ಟು ರಸೀದಿ ತರೋಳು. ಅಕ್ಕಿ ಡಬ್ಬಿಯಲ್ಲಿ ಇಡೋಳು. ಓದಲು ಬರುತ್ತಿರಲಿಲ್ಲ.

ಕಾರ್ಮಿಕ ಸಂಘಗಳ ಹಳೇ ಕಾನೂನು 1926ರದಾಗಿತ್ತು. 1960ರ ತಿದ್ದುಪಡಿಯಲ್ಲಿ ಚಂದಾ ತಿಂಗಳಿಗೆ ಕನಿಷ್ಠ 25 ಪೈಸೆ ಅಂತ ಆಯ್ತು. ನಲವತ್ತು ವರ್ಷ ಅದೇ ಇತ್ತು. ಅಕ್ಕಿ ಬೆಲೆ ಹಾಗೆ ನಿಂತಿತ್ತಾ?

2001ರಲ್ಲಿ ತಿದ್ದಿದರು. ಹಳ್ಳಿ ಕೆಲಸಗಾರರಿಗೆ ವರ್ಷಕ್ಕೆ 1 ರೂಪಾಯಿ, ಇತರ ಅಸಂಘಟಿತರಿಗೆ 3, ಉಳಿದವರಿಗೆ 12. ಈಗ 25 ಪೈಸೆಯನ್ನು 12ರಿಂದ ಗುಣಿಸಿ. ಬಡವರಿಗೆ ಕನಿಷ್ಠ ಚಂದಾ ಏರಲೇ ಇಲ್ಲ! ಅಷ್ಟೇ ತಗೊಂಡರೆ ಸಂಘ ವಕೀಲರಿಗೆ ಏನು ಕೊಟ್ಟೀತು?

ಲೆಕ್ಕದ ಪುಸ್ತಕವನ್ನು ಸದಸ್ಯರು ನೋಡಬಹುದು ಅಂತ ಆ ಕಾನೂನಿನಲ್ಲೇ ಇತ್ತು. ಅವ್ವ ಒಮ್ಮೆಯೂ ಕೇಳಲಿಲ್ಲ. ಮೊನ್ನೆ ಹಳೇ ರಸೀದಿಗಳನ್ನು ತಾನೇ ಓದಿದಳು. ಒಂದರಲ್ಲಿ ಹೆಸರೇ ಬೇರೆಯವರದು!

ನಾಳೆ ನಿಮ್ಮ ರಸೀದಿ ತನ್ನಿ. ಓದೋಣ.