ಬಟ್ಟೆ ಒಗೆಯಬೇಡ ಅಂತ ಹೇಳೋರು ಯಾರು?

(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದಿ ಅಂತ ಕರೆದಿರಿ. ಇವತ್ತು ಕವಿತೆ ಬೇಡ ಅನ್ನಿಸಿದೆ.

ಹೋದ ಸುಗ್ಗಿಯಲ್ಲಿ ನಮ್ಮ ಕೇರಿಯ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಹರಿದ ಬಟ್ಟೆಯಲ್ಲಿ ಹೊಲದಿಂದ ಓಡಿ ಬಂದಳು. ಅವಳವ್ವ ಮೊದಲು ಮಾಡಿದ್ದೇನು ಗೊತ್ತಾ? ನೀರು ಕಾಯಿಸಿ ಮೀಯಿಸಿದ್ದು, ಬಟ್ಟೆ ಒಗೆದು ಹಾಕಿದ್ದು. ಮಾರನೇ ದಿನ ಯಜಮಾನರು ಕಟ್ಟೆ ಮೇಲೆ ಕೂತು ದಂಡ ಕಟ್ಟಿಸಿ ಬಾಯಿ ಮುಚ್ಚಿಸಿದರು. ರಜೆಗೆ ಹೋಗಿದ್ದ ನಾವು, ಓದಿದ ನಾವು, ಗೋಡೆಗೆ ಒರಗಿ ನಿಂತಿದ್ದೆವು. ಕೂಲಿ ತಪ್ಪಿದರೆ ಅಪ್ಪಂದಿರ ಗತಿ ಏನು ಅನ್ನೋ ಹೆದರಿಕೆ ಸುಳ್ಳಲ್ಲ. ಆದರೆ ನಮಗೆ ಕಾನೂನೂ ಗೊತ್ತಿರಲಿಲ್ಲ. ಅದು ನಾಚಿಕೆ.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಪೊಲೀಸರೇ ತನ್ನ ಮೇಲೆ ಅತ್ಯಾಚಾರ ಮಾಡಿದರು ಅಂತ ಒಬ್ಬ ಆದಿವಾಸಿ ಹುಡುಗಿ ದೂರು ಕೊಟ್ಟಳು. ಆ ಮೊಕದ್ದಮೆಯನ್ನು ದೇಶವೆಲ್ಲ ಅವಳ ಹೆಸರಿಂದಲೇ ಕರೀತದೆ, ನಾವು ಕರೆಯೋದಿಲ್ಲ. ಕೆಳಗಿನ ಕೋರ್ಟು ಆಪಾದಿತರನ್ನು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈ ಮೇಲೆ ಗಾಯವಿಲ್ಲವಂತೆ, ಅದಕ್ಕೇ ಒಪ್ಪಿದ್ದಳಂತೆ! ಠಾಣೆಯೊಳಗೆ, ರಾತ್ರಿಯಲ್ಲಿ, ಪೊಲೀಸಿನವನ ಮುಂದೆ ಕೈ ಎತ್ತಬೇಕಿತ್ತೇನೋ ಅವಳು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮುಂತಾದ ನಾಲ್ವರು ಕಾನೂನು ಮೇಷ್ಟ್ರುಗಳು ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗೆ ಬಂದರು. 1983ರಲ್ಲಿ ಕಾನೂನು ಬದಲಾಯಿತು. ಆ ಖುಲಾಸೆ ಮಾತ್ರ ಹಾಗೇ ಉಳಿಯಿತು.

ಈಗ ಕೇಳಿ, ಬರ್ಕೊಳ್ಳಿ. ಮೈ ತೊಳೆಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡ. ತೊಳೆದು ಆಗಿಹೋಗಿದ್ರೂ ದೂರು ಸಾಯೋದಿಲ್ಲ. ಮೊದಲು ಆಸ್ಪತ್ರೆ. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಕಾಸಿಲ್ಲದೆ ಚಿಕಿತ್ಸೆ ಕೊಡಲೇಬೇಕು. ಪೊಲೀಸ್ ಚೀಟಿ ತಗೊಂಡು ಬಾ ಅನ್ನೋ ಹಾಗಿಲ್ಲ. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಎರಡು ಬೆರಳಿನ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಹೆಣ್ಣು ಅಧಿಕಾರಿಯೇ ಬರೆದುಕೊಳ್ಳಬೇಕು. ಮಾಡಿದವನು ಮೇಲ್ಜಾತಿಯವನಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಿ ಅಂತ ಪಟ್ಟು ಹಿಡೀರಿ. ‘ಮೊದಲು ವಿಚಾರಣೆ ಮಾಡ್ತೀವಿ’ ಅನ್ನೋ ನೆಪ ಆ ಕಾಯ್ದೆಯಡಿ 2018ರಿಂದ ನಡೆಯೋದಿಲ್ಲ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಗೊತ್ತಿದ್ದವರು ತಿಳಿಸಲೇಬೇಕು. 1098ಕ್ಕೆ ಫೋನು ಮಾಡಿ.

ಇನ್ನು ನಮ್ಮ ಮಾತು. ಹಾಸ್ಟೆಲಿನ ರೂಮಿನಲ್ಲಿ ದೀಪ ಆರಿಸಿದ ಮೇಲೆ ಹುಡುಗಿಯರ ಬಗ್ಗೆ ನಾವು ಆಡೋ ಮಾತು ಗೌಡರ ಕಟ್ಟೆ ಮೇಲಿನ ಮಾತಿಗಿಂತ ಬೇರೇನಾ? ‘ಆ ಹೊತ್ತಲ್ಲಿ ಅಲ್ಲಿಗ್ಯಾಕೆ ಹೋದ್ಲು’ ಅಂತ ನಮ್ಮಲ್ಲೂ ಒಬ್ಬ ಕೇಳಿದ. ಕೂಲಿಗೆ ಹೋಗಿದ್ಲು ಕಣಯ್ಯಾ! ಕೇರಿಯೊಳಗಿನ ಗಂಡಸರು ಮಾಡಿದಾಗಲೂ ‘ನಮ್ಮೋರ ಮಾನ’ ಅಂತ ಮುಚ್ಚಿಟ್ಟಿದ್ದೇವೆ. ಅದನ್ನೂ ಈ ಸಭೆಯಲ್ಲೇ ಹೇಳಬೇಕು, ಬೇರೆ ಯಾರು ಹೇಳ್ತಾರೆ?

ಬರುವ ಭಾನುವಾರ ಊರಿಗೆ ಹೋಗ್ತಾ ಇದ್ದೀವಿ. ಅವಳು ಮಾತಾಡಿದರೆ ಕೇಳ್ತೀವಿ, ನಡುವೆ ಪ್ರಶ್ನೆ ಹಾಕೋದಿಲ್ಲ. ದೂರು ಕೊಡೋದು ಬಿಡೋದು ಅವಳ ತೀರ್ಮಾನ. ಕೊಡ್ತೀನಿ ಅಂದರೆ ಠಾಣೆಯಿಂದ ಕೋರ್ಟಿನವರೆಗೆ ಬಸ್ ಚಾರ್ಜು, ಜೊತೆಗೆ ಜನ, ಎರಡೂ ಬೇಕು. ಗೆಳತಿಯರು ಇಬ್ಬರಾದರೂ ಬರಬೇಕು. ಹೆಸರು ಬರೆಸೋ ಪುಸ್ತಕ ಬಾಗಿಲ ಹತ್ತಿರ ಇದೆ.