ಮುಂಗಡದ ಹಗ್ಗ
(ದಂಡಿನಶಿವರದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಬಾಲಕಾರ್ಮಿಕ ಪದ್ಧತಿ ಎಂದೊಡನೆ ನಮಗೆ ಶಿವಕಾಶಿಯ ಪಟಾಕಿ ನೆನಪಾಗುತ್ತದೆ. ಅಷ್ಟು ದೂರ ಹೋಗುವುದು ಬೇಡ. ನಾನು ಮೇಷ್ಟ್ರಾಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬನ ತಂದೆ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆ ಖರ್ಚಿಗೆ ಒಂದು ಗ್ಯಾರೇಜಿನಿಂದ ಐದು ಸಾವಿರ ಮುಂಗಡ ಪಡೆದು ಮಗನನ್ನು ಅಲ್ಲಿಗೆ ಬಿಟ್ಟರು. ನಾನು ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕುತ್ತಾ ಹೋದೆ. ಮೂರು ತಿಂಗಳ ಮೇಲೆ ಮನೆಗೆ ಹೋದಾಗ ಅವನ ತಾಯಿ ಕೇಳಿದರು: "ದುಡ್ಡು ತೀರೋ ತನಕ ಹೆಂಗೆ ಕರ್ಕೊಂಡು ಬರೋದು ಮೇಷ್ಟ್ರೇ?" ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕಾನೂನಿನಲ್ಲಿತ್ತು. ನಾನು ಅದನ್ನು ಓದಿರಲಿಲ್ಲ.

1976ರ ಜೀತ ಪದ್ಧತಿ ನಿರ್ಮೂಲನಾ ಕಾಯಿದೆಯ ಪ್ರಕಾರ, ದುಡಿಮೆಯನ್ನು ಒತ್ತೆ ಇಟ್ಟು ಪಡೆದ ಸಾಲ ಸಾಲವೇ ಅಲ್ಲ. ಅದನ್ನು ತೀರಿಸಬೇಕಾಗಿಲ್ಲ. ಅಂಥ ಸಾಲವನ್ನು ವಸೂಲು ಮಾಡಿಕೊಂಡವನಿಗೇ ಮೂರು ವರ್ಷದವರೆಗೆ ಸೆರೆವಾಸ. ಇದನ್ನು ಹೇಳಿದಾಗ ಕೆಲವರು "ಕೊಟ್ಟ ಮಾತು ತಪ್ಪಿದಂತಾಗುವುದಿಲ್ಲವೇ" ಎನ್ನುತ್ತಾರೆ. ಮಾತು ಕೊಟ್ಟವರು ನೀವು, ದುಡಿಯುತ್ತಿರುವುದು ಮಗು.

ರಾಮನಗರ, ಮಾಗಡಿಗಳ ರೇಷ್ಮೆ ಘಟಕಗಳನ್ನು ಬಲ್ಲವರಿಗೆ ಮುಂಗಡದ ಕಥೆ ಹೊಸದಲ್ಲ. ಕುದಿಯುವ ನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತು. ಆ ಕಸುಬಿನಲ್ಲಿ ಮಾಲೀಕರಾಗಿಯೂ ಕೂಲಿಗಳಾಗಿಯೂ ನಮ್ಮವರಿದ್ದರು. ಇದನ್ನು ಮುಚ್ಚಿಟ್ಟು ಮಾತನಾಡಿದರೆ ನಾನು ಇಲ್ಲಿ ನಿಂತು ಪ್ರಯೋಜನವಿಲ್ಲ.

ಸರ್ಕಾರ ಸುಮ್ಮನೆ ಕುಳಿತಿಲ್ಲ, ಆದರೆ ನಿಧಾನವಾಗಿ ನಡೆದಿದೆ. 1986ರ ಕಾಯಿದೆ ಅಪಾಯಕಾರಿ ಕೆಲಸಗಳನ್ನು ಮಾತ್ರ ನಿಷೇಧಿಸಿತು. ಬೀಡಿ ಕಟ್ಟುವುದು ಆ ಪಟ್ಟಿಯಲ್ಲಿದ್ದರೂ ಮನೆಯವರೊಂದಿಗೆ ಮನೆಯಲ್ಲೇ ಕಟ್ಟಿದರೆ ತಪ್ಪಿರಲಿಲ್ಲ. ತುಮಕೂರಿನ ಬೀಡಿ ಮನೆಗಳನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೋಟೆಲು ಮತ್ತು ಮನೆಗೆಲಸಕ್ಕೆ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿಯ ನಂತರವಷ್ಟೇ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಇಟ್ಟುಕೊಂಡವನಿಗೆ ಆರು ತಿಂಗಳಿಂದ ಎರಡು ವರ್ಷ ಸೆರೆ, ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ತಂದೆತಾಯಿಗೆ ಮೊದಲ ತಪ್ಪಿಗೆ ಶಿಕ್ಷೆಯಿಲ್ಲ. ಆದ್ದರಿಂದ ಹೆದರಿ ಮಗುವನ್ನು ಬಚ್ಚಿಡಬೇಡಿ.

ಒಂದು ವಿನಾಯಿತಿ ಇನ್ನೂ ಇದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕೆಲಸಕ್ಕೆ ಮಗು ನೆರವಾಗಬಹುದು. ನನಗೆ ಇದರ ಬಗ್ಗೆ ಸಮಾಧಾನವಿಲ್ಲ. ಅಟ್ಟದಿಂದ ಕೊಬ್ಬರಿ ಇಳಿಸುವ ದಿನ ನಮ್ಮ ಸೀಮೆಯಲ್ಲಿ ಮನೆಮಂದಿಗೆಲ್ಲ ಕೆಲಸ. ಒಂದು ಸಂಜೆ ಚಿಪ್ಪು ಆಯ್ದರೆ ಮಗು ಸವೆಯುವುದಿಲ್ಲ, ಸರಿ. ಆದರೆ ಆ ಸಂಜೆ ಮರುದಿನದ ಬೆಳಗ್ಗೆಗೆ, ಅದು ವಾರಕ್ಕೆ ಬೆಳೆಯುವುದನ್ನು ಯಾವ ಇನ್ಸ್‌ಪೆಕ್ಟರೂ ನೋಡಲು ಬರುವುದಿಲ್ಲ.

1988ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ ಕೆಲಸದಿಂದ ಬಿಡಿಸಿದ ಮಕ್ಕಳಿಗೆ ವಿಶೇಷ ಶಾಲೆಗಳನ್ನು ನಡೆಸುತ್ತಿತ್ತು. 2021ರಲ್ಲಿ ಅದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸೇರಿತು. ಈಗ ಆ ಹೊಣೆ ಊರಿನ ಶಾಲೆಯದೇ. ಬಿಟ್ಟುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ಪಾಠ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. "ಚಿಕ್ಕವರ ಜೊತೆ ಕೂರಲು ನಾಚಿಕೆ" ಎಂದು ಹುಡುಗರು ಹಿಂಜರಿಯಬೇಕಾಗಿಲ್ಲ.

ಕೆಲಸದಲ್ಲಿರುವ ಮಗುವನ್ನು ಕಂಡರೆ 1098ಕ್ಕೆ ಕರೆ ಮಾಡಿ, ಹಣ ಖರ್ಚಾಗುವುದಿಲ್ಲ. ಮುಂಗಡದ ಪ್ರಕರಣವಾದರೆ ತಿಪಟೂರಿನ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ತುರುವೇಕೆರೆ ತಾಲ್ಲೂಕು ಅವರ ವ್ಯಾಪ್ತಿಗೇ ಬರುತ್ತದೆ.

ಆ ಹುಡುಗ ಶಾಲೆಗೆ ಮರಳಲೇ ಇಲ್ಲ. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಮುಂಗಡ ಪಡೆದವರು ಯಾರಾದರೂ ಇದ್ದರೆ ಎಲ್ಲರ ಎದುರು ಹೇಳುವುದು ಬೇಡ, ಬಳಿಗೆ ಬನ್ನಿ. ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ.