ತೊಂಬತ್ತು ದಿನಗಳ ಲೆಕ್ಕ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಕೆಲಸ ಬದಲಿಸುವ ಮಾತು ಜೋರಾಗುತ್ತದೆ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದಿರುತ್ತದೆ. ಅನೇಕ ಕಂಪನಿಗಳಲ್ಲಿ ಬೋನಸ್ಸು, ಸಂಬಳ ಏರಿಕೆ ಅದರ ಬೆನ್ನಿಗೇ ಬರುತ್ತವೆ. ಅದು ಕೈಸೇರಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯುವವರೇ ಹೆಚ್ಚು.

ಅಷ್ಟು ಕಾಯಬೇಕಿಲ್ಲ. ಆನ್‌ಲೈನ್ ಕೋಡಿಂಗ್ ಪರೀಕ್ಷೆ, ಎರಡು ಮೂರು ತಾಂತ್ರಿಕ ಸುತ್ತು, ಸಿಸ್ಟಂ ಡಿಸೈನ್, ಕೊನೆಗೆ ಎಚ್‌ಆರ್: ಇಷ್ಟು ಮುಗಿಯಲು ವಾರಗಳೇ ಬೇಕು. ಅದರ ಮೇಲೆ, ಹಲವೆಡೆ ನೋಟಿಸ್ ಅವಧಿ 90 ದಿನ. ಮೊದಲೇ ಅರ್ಜಿ ಹಾಕಿದರೂ ಕೆಲಸ ಬಿಡುವುದು ತಿಂಗಳುಗಳ ನಂತರವೇ.

ಯಾವ ಕಂಪನಿಗೆ ಮೊದಲು ಹೋಗಬೇಕು ಎಂಬುದು ಇನ್ನೂ ಮುಖ್ಯ. ವೈಟ್‌ಫೀಲ್ಡಿನಲ್ಲಿ ವರ್ಷಗಟ್ಟಲೆ ಒಂದೇ ಪ್ರಾಜೆಕ್ಟಿನಲ್ಲಿದ್ದ ಎಂಜಿನಿಯರ್‌ಗೆ ಸಂದರ್ಶನದ ರೂಢಿ ತಪ್ಪಿರುತ್ತದೆ. ಗೊತ್ತಿದ್ದ ಪ್ರಶ್ನೆಗೂ ನಾಲಿಗೆ ತಡವರಿಸುತ್ತದೆ. ಮನಸ್ಸಿಗೆ ಹಿಡಿಸಿದ ಕಂಪನಿಯನ್ನೇ ಮೊದಲು ಎದುರಿಸಿದರೆ ನಷ್ಟ ಅವಳದೇ. ಎರಡನೆಯ ಆಯ್ಕೆಯಿಂದ ಶುರುಮಾಡುವುದು ಒಳ್ಳೆಯದು. ಸೇರುವ ಮನಸ್ಸೇ ಇಲ್ಲದ ಕಡೆ ಮಾತ್ರ ಹೋಗಬಾರದು. ಅಲ್ಲಿ ಪ್ರಶ್ನೆ ಕೇಳುವವರ ಸಮಯಕ್ಕೂ ಬೆಲೆಯಿದೆ.

ಸೋಮವಾರ ಒಂದು ಆಫರ್ ಬರುತ್ತದೆ, ಶುಕ್ರವಾರದೊಳಗೆ ಉತ್ತರ ಬೇಕು. ಇನ್ನೊಂದು ಕಡೆ ಎರಡು ಸುತ್ತು ಬಾಕಿ. ಆಗ ಮುಚ್ಚುಮರೆ ಬೇಡ. ಇಲ್ಲಿ ಒಂದು ವಾರದ ಗಡುವು ಕೇಳಬಹುದು. ಅಲ್ಲಿನ ಎಚ್‌ಆರ್‌ಗೆ ಆಫರ್ ಇರುವುದನ್ನು ತಿಳಿಸಬಹುದು. ಎಷ್ಟೋ ಸಲ ಉಳಿದ ಸುತ್ತುಗಳು ಬೇಗನೆ ಮುಗಿಯುತ್ತವೆ.

ಕೆಲಸ ಬಿಡುವ ಮುನ್ನ ಗ್ರಾಚ್ಯುಟಿಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಕಾಯಂ ನೌಕರರಿಗೆ ಅದು ಸಿಗಲು ಸಾಮಾನ್ಯವಾಗಿ 5 ವರ್ಷಗಳ ಸತತ ಸೇವೆ ಬೇಕು. ಒಂದೆರಡು ತಿಂಗಳಷ್ಟೇ ಬಾಕಿಯಿದ್ದವರು ಗಾಬರಿಯಾಗಬೇಕಿಲ್ಲ. ನೋಟಿಸ್ ಅವಧಿಯಲ್ಲಿ ಕೆಲಸ ಮಾಡಿದ ದಿನಗಳೂ ಆ ಸೇವೆಗೆ ಸೇರುತ್ತವೆ.